'ಉಳಿಸು' ಎಂಬ ಗುಂಡಿ

ಪರದೆಯ ಮೇಲಿನ ತಿದ್ದುವ ಪುಟದ ಕೆಳಗೆ ಒಂದೇ ಒಂದು ಬೂದು ಗುಂಡಿ ಇತ್ತು — 'ಉಳಿಸು'. ಮಹಾದೇವಿ, ಅದನ್ನು ಒತ್ತಿ ನಿನ್ನ ಅಜ್ಜಿಯ ಹಾಡುಗಳನ್ನೆಲ್ಲ ಅಳಿಸಿದವಳು ನಾನು. ನೀನಲ್ಲ.

ಶಹಾಬಾದಿನ ಕಾಲೇಜಿನಲ್ಲಿ ಅದು ನಮ್ಮಿಬ್ಬರ ಕೊನೆಯ ವರ್ಷದ ಪ್ರಾಜೆಕ್ಟ್. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಒಂದರಲ್ಲಿ ಸರಳವಾದ ವಿಕಿ — ಯಾರು ಬೇಕಾದರೂ ತೆರೆದು ಬರೆಯಬಹುದಾದ, ತಿದ್ದಬಹುದಾದ ಪುಟಗಳು. ಕೋಡ್ ನನ್ನದು, ಬರಹ ನಿನ್ನದು. ಪ್ರತಿ ಸಲ ಉಳಿಸುವಾಗಲೂ ಹಳೆಯ ಪ್ರತಿಯನ್ನು ಬೇರೆ ತೆಗೆದಿಡಬೇಕೆಂದು ನನಗೆ ಗೊತ್ತಿತ್ತು. ಆಮೇಲೆ ಮಾಡಿದರಾಯಿತು ಎಂದು ಬಿಟ್ಟಿದ್ದೆ — ಮೊದಲು ಪುಟ ಚೆನ್ನಾಗಿ ಕಾಣಬೇಕಿತ್ತು...

ಆ ದಿನ ನೀನು ಐನಾಪುರದಿಂದ ಬಂದಿದ್ದ ಅಜ್ಜಿಯನ್ನು — ನಿನ್ನ ಆಯಿಯನ್ನು — ಲ್ಯಾಬಿಗೇ ಕರೆತಂದೆ. ತಿರುಗುವ ಕುರ್ಚಿಯ ಅಂಚಿಗೆ ಕೂತು ಅವರು ಪರದೆಯನ್ನು ಗುಮಾನಿಯಿಂದ ನೋಡಿದರು.

"ಈ ಡಬ್ಬಿ ನನ್ನ ಹಾಡು ನುಂಗ್ತದೇನ್ ಯವ್ವಾ?"

"ನುಂಗಂಗಿಲ್ಲ ಆಯಿ, ಇಟ್ಕೋತದ. ನೀ ಹಾಡು."

"ಇಟ್ಕೊಂಡ್ರ ಛಲೋ. ನಿಮ್ಮವ್ವಗಂತೂ ಒಂದೂ ನೆನಪಿಲ್ಲ!"

ಬೀಸುವ ಹಾಡುಗಳು. ಕಲ್ಲಿಲ್ಲದಿದ್ದರೂ ಬಲಗೈ ಸುತ್ತುತ್ತಲೇ ಇತ್ತು — ಕೈ ನಿಂತರೆ ಸಾಲು ಮರೆಯುತ್ತಿದ್ದರು. ಕೈಯ ಜೊತೆ ಕುರ್ಚಿಯೂ ಅಲುಗುತ್ತಿತ್ತು. ನೀನು ಎಲ್ಲವನ್ನೂ ಟೈಪ್ ಮಾಡಿ ಉಳಿಸಿದೆ.

ಅದೇ ಪುಟವನ್ನು ನಾನು ಬೆಳಿಗ್ಗೆಯೇ ಪಕ್ಕದ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದೆ. ಆಗ ಅದರಲ್ಲಿ ತಲೆಬರಹ ಮಾತ್ರ ಇತ್ತು; ನೀನು ಆಮೇಲೆ ಸೇರಿಸಿದ್ದು ನನ್ನ ಪರದೆಗೆ ಬಂದಿರಲಿಲ್ಲ. ನೀವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೊರಟ ಮೇಲೆ ಆ ತಲೆಬರಹವನ್ನು ದಪ್ಪಕ್ಷರ ಮಾಡಿ, ಗುಂಡಿ ಒತ್ತಿದೆ. ನನ್ನ ಖಾಲಿ ಪುಟ ನಿನ್ನ ತುಂಬಿದ ಪುಟದ ಮೇಲೆ ಕೂತಿತು.

ಆಯಿಯನ್ನು ಬಸ್ಸಿಗೆ ಹತ್ತಿಸಿ ಬಂದು ನೀನು, "ಹಾಡು ಎಲ್ಲಿ ಹೋದ್ವು?" ಎಂದು ಕೇಳಿದೆ. ನನಗೆ ಆಗಲೇ ತಿಳಿದಿತ್ತು — ತಿಳಿದೂ ಹೇಳಿದೆ:

"ನೀ 'ಉಳಿಸು' ಒತ್ತೇ ಇಲ್ಲ ನೋಡು."

"ಒತ್ತಿದ್ನಲ್ಲ..." ನೀನು ನಿನ್ನ ಬೆರಳುಗಳನ್ನೇ ನೋಡಿಕೊಂಡೆ. "ನಾ ಭಾಳ ಹುಚ್ಚಿ ಅದೀನಿ ಬಿಡು. ಹಬ್ಬಕ್ಕ ಬರ್ತಾಳ, ಮತ್ತ ಹಾಡಸ್ತೀನಿ."

ಹಬ್ಬಕ್ಕೆ ಮೊದಲೇ ಆಯಿ ತೀರಿಕೊಂಡರು. ಆಮೇಲೆ ನೀನು ಕೀಬೋರ್ಡ್ ಮುಟ್ಟಲಿಲ್ಲ. "ನೀನೇ ಹಾಕು. ನನ್ನ ಕೈಯಾಗ ಏನೂ ಉಳಿಯಂಗಿಲ್ಲ," ಎನ್ನುತ್ತಿದ್ದೆ. ಆಗಲೂ ನಾನು —

ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ ಏನು ಮಾಡಿದೆನೆಂಬುದೂ ನಿನಗೆ ತಿಳಿಯಬೇಕು. ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ, ಹಳೆಯ ಪ್ರತಿಗಳನ್ನು ಕಾಯ್ದಿಡುವ ಕೋಡ್ ಬರೆದೆ. ಕೆಲವೇ ಸಾಲುಗಳು. ಪರೀಕ್ಷಿಸಲು ಅದೇ ಪುಟ ತೆರೆದು ಗುಂಡಿ ಒತ್ತಿದೆ. ವಿಕಿ ಹಳೆಯ ಪ್ರತಿಯನ್ನು ಜೋಪಾನವಾಗಿ ತೆಗೆದಿಟ್ಟಿತು — ದಪ್ಪಕ್ಷರದಲ್ಲಿ 'ಬೀಸುವ ಹಾಡುಗಳು', ಕೆಳಗೆ ಏನೂ ಇಲ್ಲ. ಬಾಗಿಲಲ್ಲಿ ನಿನ್ನ ಚಪ್ಪಲಿಯ ಸದ್ದಾಯಿತು. ನಾನು ಪರದೆ ಆರಿಸಿದೆ.