ಗಲ್ಲಿ ಸಂಘದ ಕಾಕಾ

ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಗಲ್ಲಿಯ ಸಂಘಕ್ಕೆ ಅವರೇ ಕಾರ್ಯದರ್ಶಿ. ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಗಟಾರ ತುಂಬಲಿ, ಬೀದಿದೀಪ ಕೆಡಲಿ, ಬಾಗಿಲಿಗೆ ಬಂದು ಸೀಟಿ ಊದುವರು: "ಮೊದಲ ಹೊರಗ ಬರ್ರಿ, ಮಾತು ಆಮ್ಯಾಲ." ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಒಂದು ಭಾನುವಾರ, ಬೆಂಕಿ ಬಿದ್ದರೆ ಏನು ಮಾಡಬೇಕೆಂದು ತಾಲೀಮು ಇಟ್ಟರು. ಸೀಟಿ ಕೇಳಿದ್ದೇ ತಡ, ನಮ್ಮ ಮನೆಯವರೆಲ್ಲ ಮನೆಯ ಕೆಳಗಿನ ನಮ್ಮ ಟವೆಲ್ ಅಂಗಡಿಯಿಂದ ಗಂಟುಗಳನ್ನು ಹೊತ್ತು ಹೊರಗೆ ಬಂದೆವು. ಕಾಕಾ ಕನ್ನಡಕ ಒರೆಸಿಕೊಂಡು ನೋಡಿದರು.

"ಟವೆಲ್ ಎಲ್ಲಾ ಬಂದಾವ. ನಿಮ್ಮ ಆಯಿ ಎಲ್ಲಿ?"

ಅಜ್ಜಿ ಮಾಳಿಗೆಯ ಮೇಲೇ ಉಳಿದಿದ್ದಳು. ಕಾಕಾ ತಾವೇ ಹೋಗಿ ಬೆನ್ನ ಮೇಲೆ ಹೊತ್ತು ತಂದರು. "ಇಳಸೋ ನನ್ನ! ಬೆಂಕಿ ಎಲ್ಲೈತಿ?" ಎಂದು ಆಕೆ ಗುದ್ದುತ್ತಲೇ ಇದ್ದಳು. ಆಮೇಲೆ ಅಜ್ಜಿಯ ಮಂಚ ಅಂಗಡಿಗೆ ಇಳಿದು, ಗಂಟುಗಳು ಮಾಳಿಗೆ ಏರುವವರೆಗೂ ಕಾಕಾ ಕದಲಲಿಲ್ಲ.

"ಅಂಗಡ್ಯಾಗ ಮಂಚ ನೋಡಿ ಗಿರಾಕಿ ಏನಂತಾರ್ರೀ ಕಾಕಾ?" ಎಂದು ನಾನು ರೇಗಿದೆ.

"ಮನ್ಯಾಗ ಮುದುಕಿ ಅದಾಳ ಅಂತಾರ."

ಹೋದ ತಿಂಗಳು ಕಾಕಾ ತೀರಿಕೊಂಡರು. ಗಂಟು ಹೊತ್ತು ಮೆಟ್ಟಿಲು ಹತ್ತಿಳಿದು ನನಗೆ ಸಾಕಾಗಿದೆ. ಅಜ್ಜಿ ಮಂಚದ ಮೇಲೆ ಕುಳಿತು ಗಿರಾಕಿಗಳಿಗೆ ನನಗಿಂತ ಕಡಿಮೆ ದರ ಹೇಳುತ್ತಾಳೆ. ಹೋಗಿ ಜಗಳವಾಡೋಣವೆಂದರೆ ಕಾಕಾ ಇಲ್ಲ.