ಹಕ್ಕಿ ಹಾರದ ಫೋಟೋ

"ಇನ್ನೂ ಮುಂದಕ್ಕೋಗಿ ಇಂಜಿನ್ ರೇಸ್ ಮಾಡಣ್ಣ, ಹಕ್ಕಿ ಎಲ್ಲಾ ಒಟ್ಟಿಗೆ ಏಳ್ಬೇಕು" ಎಂದ ಫೋಟೋಗ್ರಾಫರ್. ಬಾಗೂರು ಕಡೆಯ ಕೆರೆಯಲ್ಲಿ ನನ್ನ ಮಗಳು ಮತ್ತು ಅವಳಿಗೆ ನಿಶ್ಚಯವಾದ ಹುಡುಗನ ಮದುವೆಗೆ ಮುಂಚಿನ ಫೋಟೋ ತೆಗೆಯುತ್ತಿದ್ದರು. ಸೀರೆ ಚೀಲ ಹಿಡಿದು ನಾನೂ ಬೋಟಿನಲ್ಲಿದ್ದೆ. ಎದುರಿನ ಜಾಲಿಮರಗಳ ತುಂಬ ಬೆಳ್ಳಕ್ಕಿ ಗೂಡುಗಳು.

ನೀರಲ್ಲಿ ತೇಲುತ್ತಿದ್ದ ಕೆಂಪು ಡ್ರಮ್ ತೋರಿಸಿ ಬೋಟಿನವನು, "ಅದ್ನ ದಾಟಂಗಿಲ್ಲ ಸಾ, ರೂಲ್ಸ್ ಐತೆ" ಎಂದ.

"ಒಂದೇ ನಿಮಿಷ, ಯಾರ್ ನೋಡ್ತಾರೆ?" ಎಂದ ಫೋಟೋಗ್ರಾಫರ್.

ಹುಡುಗನಿಗೂ ಆಸೆ ಇತ್ತು. ಬೀಗರಿಗೆ ಬೇಸರವಾದೀತೆಂದು ನಾನೂ ತಡೆಯಲು ಹೋಗಲಿಲ್ಲ.

"ಬ್ಯಾಡ ಕಣಣ್ಣ" ಎಂದಳು ಮಗಳು. "ತಾಯಿ ಎದ್ದೋದ್ರೆ ಮೊಟ್ಟೆ ಬಿಸ್ಲಲ್ಲಿ ಬೆಂದೋಯ್ತವೆ. ನಮ್ ಮದ್ವೆಗೆ ಅವುಗಳ ಸಂಸಾರ ಯಾಕ್ ಕೆಡಿಸ್ಬೇಕು?"

ಹುಡುಗ ಮುನಿಸಿಕೊಂಡನೇನೋ ಎಂದು ನಾನು ಅವನ ಕಡೆ ತಿರುಗಿದೆ. ಹುಡುಗ ಅವಳ ಮುಖ ನೋಡಿ ನಕ್ಕುಬಿಟ್ಟ. "ಈಗ್ಲೇ ಇಂಗೆ, ಮನೆಗೆ ಬಂದ್ಮೇಲೆ ನನ್ ಗತಿ ಏನು ಮಾವ? ತಿರುಗ್ಸಣ್ಣ ಬೋಟು!"

ಡ್ರಮ್ಮಿನ ಈಚೆಯಿಂದಲೇ ತೆಗೆದ ಫೋಟೋ ಈಗ ನಮ್ಮ ನಡುಮನೆಯಲ್ಲಿದೆ. ಹಕ್ಕಿಗಳು ದೂರದ ಮರದ ಮೇಲೆ ಬರೀ ಬಿಳಿ ಚುಕ್ಕಿಗಳು. ಮನೆಗೆ ಬಂದವರಿಗೆ ಮೊದಲು ಆ ಚುಕ್ಕಿಗಳನ್ನೇ ತೋರಿಸುತ್ತೇನೆ, ಆಮೇಲೆ ಮಗಳು ಅಳಿಯನನ್ನು.