ಚಹಾಪೆಟ್ಟಿಗೆಯ ಗಣಪತಿ

ಭಾನುವಾರದ ಬೆಳಗುಗಳಲ್ಲಿ ದಾದರಿನ ಚಾಳಿನಲ್ಲಿದ್ದ ನಮ್ಮ ಒಂದು ಕೋಣೆಯ ಖೋಲಿಗೆ ಕಾಲಿಟ್ಟವರ ಮೂಗಿಗೆ ಮೊದಲು ತಾಗುತ್ತಿದ್ದುದು ಚಹಾದ ಘಮ. ಆದರೆ ಒಲೆಯ ಮೇಲೆ ಆಗ ಏನೂ ಇರುತ್ತಿರಲಿಲ್ಲ. ಘಮ ಏಳುತ್ತಿದ್ದುದು ನೆಲದ ಮೇಲೆ ಗೋಧಿಹಿಟ್ಟಿನಂತೆ ಬಿದ್ದಿರುತ್ತಿದ್ದ ಮರದ ಹುಡಿಯಿಂದ. ಎಲ್ಲಿಯದೋ ಬೆಟ್ಟದ ತೋಟದಿಂದ ಚಹಾಪುಡಿಯನ್ನು ಹೊತ್ತು ತಂದು, ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಹಿಂಬದಿಯಲ್ಲಿ ಖಾಲಿಯಾಗಿ ಬೀಳುತ್ತಿದ್ದ ತೆಳು ಪ್ಲೈವುಡ್ಡಿನ ಪೆಟ್ಟಿಗೆಗಳೇ ನಮ್ಮ ಶಿಲ್ಪಕ್ಕೆ ಸಾಮಗ್ರಿ. ಆ ಮರ ತಾನು ಹುಟ್ಟಿದ ಕಾಡನ್ನು ಎಂದೋ ಮರೆತಿತ್ತು, ಹೊತ್ತು ತಂದ ಸರಕನ್ನು ಮಾತ್ರ ಮರೆತಿರಲಿಲ್ಲ. ಗರಗಸದ ಹಲ್ಲು ಸೋಕಿದೊಡನೆ ಅದನ್ನೇ ಉಸಿರಾಡುತ್ತಿತ್ತು. ಊರು ಬಿಟ್ಟು ಈ ಪಟ್ಟಣಕ್ಕೆ ಬಂದ ನಾವೂ ಹೆಚ್ಚುಕಡಿಮೆ ಹಾಗೆಯೇ ಇದ್ದೆವೆಂದು ಈಗ ಅನ್ನಿಸುತ್ತದೆ.

ನಾವೆಂದರೆ ಮೂವರು. ಆ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ, ನಾಲಗೆಯ ಮೇಲೆ ಹಿಡಿತವಿಲ್ಲದ ರಾಜೀವ. ವಿಜಾಪುರದ ಕಡೆಯಿಂದ ಬಂದು ಧಾರಾವಿಯಲ್ಲಿ ಬಿಡಾರ ಹೂಡಿ, ಎದ್ದು ನಿಲ್ಲುವ ಬಿಲ್ಡಿಂಗುಗಳಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದ ಬಸಪ್ಪ. ಮಿಲ್ಲಿನ ಆಫೀಸಿನಲ್ಲಿ ಟೈಪು ಕುಟ್ಟುತ್ತಿದ್ದ ನಾನು. ಮೂವರನ್ನೂ ಕಟ್ಟಿಹಾಕಿದ್ದು ಕುಸುರಿ ಗರಗಸವೆಂಬ ಒಂದು ಹುಚ್ಚು. ಬಿಲ್ಲಿನಂತೆ ಬಾಗಿದ ಕಬ್ಬಿಣದ ಚೌಕಟ್ಟು, ಅದರ ಬಾಯಿಗೆ ಬಿಗಿದ ಕೂದಲಿನಷ್ಟು ತೆಳುವಾದ ಅಲಗು, ಇಷ್ಟೇ ಆ ಆಯುಧ. ಇದರಲ್ಲಿ ಹೂಬಳ್ಳಿ, ನವಿಲು, ಕನ್ನಡಿಯ ಕಟ್ಟು, ದೀಪದ ಮುಚ್ಚಳ, ಏನನ್ನು ಬೇಕಾದರೂ ಹಲಗೆಯಿಂದ ಬಿಡಿಸಬಹುದು. ಒಬ್ಬನಿಗೆ ಸಿಕ್ಕ ಚಿತ್ರ ಕಾರ್ಬನ್ ಕಾಗದದ ಮೂಲಕ ಮೂವರದೂ ಆಗುತ್ತಿತ್ತು. ಒಬ್ಬ ಕಂಡುಕೊಂಡ ಉಪಾಯ ಮುಂದಿನ ಭಾನುವಾರಕ್ಕೆ ಎಲ್ಲರ ಸೊತ್ತಾಗುತ್ತಿತ್ತು. ಅಲಗಿಗೆ ಮೇಣದ ಬತ್ತಿ ಉಜ್ಜಿದರೆ ಅದು ಸಿಕ್ಕಿಬೀಳದೆ ಓಡುತ್ತದೆಂದು ತೋರಿಸಿದವನು ರಾಜೀವ. ತಿರುವು ಬಂದಾಗ ಗರಗಸವನ್ನು ತಿರುಗಿಸದೆ ಮರವನ್ನೇ ತಿರುಗಿಸಬೇಕೆಂದು ಬಸಪ್ಪ ಕಲಿಸಿದ. ಅದನ್ನು ಕಲಿಯುವಷ್ಟರಲ್ಲಿ ನಾನು ಮುರಿದ ಅಲಗುಗಳಿಗೆ ಲೆಕ್ಕವಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಳತೂತಿನ ಕೆಲಸ. ನವಿಲಿನ ಕಣ್ಣನ್ನು ಬಿಡಿಸಬೇಕೆನ್ನಿ. ಅಂಚಿನಿಂದ ಕೊಯ್ದುಕೊಂಡು ಹೋದರೆ ನವಿಲೇ ಸೀಳಿಹೋಗುತ್ತದೆ. ಆದ್ದರಿಂದ ಕಣ್ಣಿನ ನಡುವೆ ಸಣ್ಣ ರಂಧ್ರ ಕೊರೆದು, ಅಲಗಿನ ಒಂದು ತುದಿಯನ್ನು ಚೌಕಟ್ಟಿನಿಂದ ಬಿಡಿಸಿ, ದಾರ ಪೋಣಿಸುವಂತೆ ರಂಧ್ರದೊಳಗೆ ತೂರಿಸಿ, ಮತ್ತೆ ಬಿಗಿದು, ಒಳಗಿಂದೊಳಗೇ ಕೊಯ್ದು, ತುಂಡು ಬಿದ್ದ ಮೇಲೆ ಪುನಃ ಬಿಡಿಸಿ ಹೊರಗೆ ತರಬೇಕು. ಪ್ರತಿ ತೂತಿಗೂ ಇದೇ ಪ್ರವೇಶ, ಇದೇ ನಿರ್ಗಮನ. ಹೀಗೆ ತೆಗೆದು ತೆಗೆದು ಕೊನೆಗೆ ಹಲಗೆಯನ್ನು ಬೆಳಕಿಗೆ ಹಿಡಿದಾಗ ಕಾಣುವುದು ನಾವು ಉಳಿಸಿದ್ದೋ, ತೆಗೆದದ್ದೋ? ಮರದ ಕಣ್ಣು ಅನ್ನುವುದು ಮರವಿಲ್ಲದ ಜಾಗ ತಾನೆ! ಇಂಥ ಪ್ರಶ್ನೆಗಳನ್ನು ನಾನು ಎತ್ತಿದಾಗಲೆಲ್ಲ ರಾಜೀವ ತಿಂಡಿಯ ಪೊಟ್ಟಣ ಬಿಚ್ಚುತ್ತಿದ್ದ.

ಆ ಕಾಲದಲ್ಲಿ ನನ್ನ ಹೆಂಡತಿ ಗಿರಿಜೆ ಬಸುರಿಯಾದಳು. ಅದಕ್ಕೆ ಹಿಂದೆ ಎರಡು ಸಲ ಗರ್ಭ ನಿಂತು ನಿಲ್ಲದೆ ಹೋಗಿತ್ತು. ಎರಡನೆಯ ಸಲವಂತೂ ಆಸ್ಪತ್ರೆಯಿಂದ ಬಂದವಳು ಬಹಳ ದಿನ ಕಿಟಕಿಯ ಕಂಬಿ ಹಿಡಿದುಕೊಂಡು ಸುಮ್ಮನೆ ಖೋಲಿಗಳ ಮುಂದೆ ಸಾಗುವ ಗ್ಯಾಲರಿ ನೋಡುತ್ತಿದ್ದಳು. ಆದ್ದರಿಂದ ಈ ಸಲ ಇಬ್ಬರೂ ಸಂತೋಷವನ್ನು ಬಾಯಿಬಿಟ್ಟು ಹೇಳಲು ಹೆದರಿ, ಕಳ್ಳರ ಹಾಗೆ ಅದನ್ನು ಮನೆಯೊಳಗೆ ಬಚ್ಚಿಟ್ಟುಕೊಂಡಿದ್ದೆವು. ದೇವರ ಗೊಡವೆಗೆ ಅಷ್ಟಾಗಿ ಹೋಗದ ನನಗೆ, ಅವಳ ಕಣ್ಣೆದುರಿಗಿರಲೆಂದು ಒಂದು ಗಣಪತಿಯನ್ನು ಕೊರೆಯುವ ಮನಸ್ಸಾಯಿತು.

ಪೆಟ್ಟಿಗೆಯ ಹಲಗೆಗೆ ಎರಡು ಮೈ. ಒಳಮೈ ನುಣುಪು; ಹೊರಮೈಯಲ್ಲಿ ತೋಟದ ಮುದ್ರೆ, ತೂಕದ ಅಂಕಿ, ಗೀರು. ನುಣುಪಾದ ಮೈ ಹಾಳಾಗಬಾರದೆಂದು ನಾನು ಚಿತ್ರದ ಕಾಗದವನ್ನು ಒರಟು ಮೈಗೆ ಅಂಟಿಸಿ, ಹಲವು ಭಾನುವಾರ ಉಸಿರು ಬಿಗಿಹಿಡಿದು ಕೊಯ್ದೆ. ಆಮೇಲೆ ಹಲಗೆ ಮಗುಚಿ ನುಣುಪು ಮೈಗೆ ಪಾಲಿಶ್ ಹೊಡೆದು, ಬಾಗಿಲಿಗೆ ಎದುರಾಗಿ ಗೋಡೆಗೆ ತೂಗುಹಾಕಿದೆ. ಕಿವಿಯ ಗೆರೆಗಳು, ಕಿರೀಟದ ಮಣಿಗಳು, ಹೊಟ್ಟೆಗೆ ಸುತ್ತಿದ ಹಾವು, ಎಲ್ಲವೂ ಬಲೆಯಂತೆ ಸೂಕ್ಷ್ಮವಾಗಿ ಬಂದಿದ್ದವು. ನನ್ನ ಹೆಮ್ಮೆ ಆ ವಾರವೆಲ್ಲ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲೂ ಕುಗ್ಗಲಿಲ್ಲ.

ಗಿರಿಜೆಗೆ ತಾಯಿಯಿಲ್ಲದ್ದರಿಂದ ಬಾಣಂತನಕ್ಕೆ ಉಡುಪಿಯಿಂದ ನನ್ನ ಅಮ್ಮ ಬಂದಳು. ಟ್ರಂಕು ಇಳಿಸಿ, ಹೊಸ್ತಿಲು ದಾಟಿ, ಗೋಡೆ ನೋಡಿದವಳು ಅಲ್ಲೇ ನಿಂತಳು.

"ಇದೆಂತ ಮಾಡಿಟ್ಟಿದ್ದಿ ಮಾರಾಯಾ? ಇದು ಬಲಮುರಿ ಅಲ್ವಾ!"

ಕಾಗದದಲ್ಲಿ ಎಡಕ್ಕೆ ಹೊರಳಿದ್ದ ಸೊಂಡಿಲು, ಹಲಗೆ ಮಗುಚಿದಾಗ ಬಲಕ್ಕೆ ಹೊರಳಿತ್ತು. ಎಡಮುರಿ ಗಣಪತಿ ಮನೆಯ ಮಗನಿದ್ದ ಹಾಗೆ, ತಪ್ಪುನೆಪ್ಪು ನುಂಗಿಕೊಳ್ಳುತ್ತಾನೆ. ಬಲಮುರಿ ಬಲು ಖಡಾಖಂಡಿತ, ಮಡಿಯಲ್ಲಿ ನಿತ್ಯಪೂಜೆ ತಪ್ಪಬಾರದು, ಕೊಟ್ಟ ಮಾತು ಜಾರಬಾರದು. ಹೆರಿಗೆಯ ಸೂತಕ ಬರಲಿರುವ ಒಂದೇ ಖೋಲಿಯ ಮನೆಯಲ್ಲಿ ಅಂಥವನನ್ನು ಇಟ್ಟುಕೊಳ್ಳುವುದು ಹೇಗೆ? ಹಾಗೆಂದು ಬಿಸಾಡಿದರೆ ಅದು ಇನ್ನೂ ದೊಡ್ಡ ಅಪಚಾರ. ಅತ್ತ ದರಿ, ಇತ್ತ ಪುಲಿ. ಅಮ್ಮ ಹೇಳಿದ್ದು ಇಷ್ಟೇ ಆಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಗಿರಿಜೆಯ ಮುಖ ನೋಡಿದೆ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು, ಬಣ್ಣ ಇಳಿದಿತ್ತು. ಅಂದು ಅವಳು ಊಟ ಮಾಡಲಿಲ್ಲ.

ಭಾನುವಾರ ನಮ್ಮ ಸಭೆ ಸೇರಿತು. ರಾಜೀವ ಗೋಡೆ ನೋಡಿ, "ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿಟ್ಟೆ ನೀನು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಒರಟು ಮೈ ತಿಕ್ಕಿ ಆ ಬದಿಗೆ ಪಾಲಿಶ್ ಹೊಡೆದರೆ ಎಳೆಗಳು ಮುರಿಯುತ್ತವೆಯೋ ಎಂಬ ಚರ್ಚೆ ಚಹಾ ಆರುವವರೆಗೂ ನಡೆಯಿತು. ಬಸಪ್ಪ ಕೊನೆಗೆ ಎದ್ದ.

"ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಆರಪಾರ ಕೊರದದ್ದೈತಿ. ತಿರುವಿ ಕಿಡಕ್ಯಾಗ ಕಟ್ರಿ. ಒಳಗ ಇದ್ದವ್ರಿಗೆ ಎಡಮುರಿ ಕಾಣ್ತಾನ. ಹೊರಗಿನವ್ರದು ಹೊರಗಿನವ್ರು ನೋಡ್ಕೋತಾರ."

ಹಾಗೆಯೇ ಗ್ಯಾಲರಿಯತ್ತ ತೆರೆಯುವ ಕಿಟಕಿಯ ಕಂಬಿಗೆ ಗಣಪತಿಯನ್ನು ಕಟ್ಟಿದೆವು. ಒಳಗಿನ ನಮಗೆ ಸಾಧು ಎಡಮುರಿ, ಹೊಟ್ಟೆಯ ಮೇಲೆ ಚಹಾತೋಟದ ಮುದ್ರೆ ಹೊತ್ತವನು. ಹೊರಗಿನವರಿಗೆ ಮಿರಿಮಿರಿ ಮಿಂಚುವ ಬಲಮುರಿ. ಹೊರಗಿನವರು ನೋಡಿಕೊಂಡದ್ದೂ ಹಾಗೆಯೇ. ಪಕ್ಕದ ಖೋಲಿಯ ಕುಸುಮತಾಯಿ ನಲ್ಲಿಯಿಂದ ಕೊಡ ಹೊತ್ತು ಬರುವಾಗ ಕಂಡು, "ಅಗ ಬಾಯಿ! ಉಜವ್ಯಾ ಸೋಂಡೇಚಾ!" ಎಂದು ಬಲಸೊಂಡಿಲಿಗೆ ಕೈಮುಗಿದಳು. ಮರುದಿನ ಒಂದು ದಾಸವಾಳ, ಮುಂದಿನ ಮಂಗಳವಾರ ಗರಿಕೆಯ ಮಾಲೆ, ಆಮೇಲೆ ಊದುಬತ್ತಿ. ಪರೀಕ್ಷೆಗೆ ಹೊರಟವರು, ಕೆಲಸಕ್ಕೆ ಅರ್ಜಿ ಹಾಕಿದವರು ನಮ್ಮ ಕಿಟಕಿಯೆದುರು ಒಂದು ನಿಮಿಷ ನಿಂತು ಹೋಗತೊಡಗಿದರು. ಪೂಜೆಯ ಭಾರ ಚಾಳೇ ಹೊತ್ತುಕೊಂಡದ್ದರಿಂದ ಅಮ್ಮನಿಗೂ ತುಸು ನಿರಾಳ. ಆದರೆ ಅವಳು ಗ್ಯಾಲರಿಯಲ್ಲಿ ಓಡಾಡುವಾಗ ಮಾತ್ರ ಕಿಟಕಿಗೆ ಬೆನ್ನು ಹಾಕಿ, ಕಟಕಟೆಯ ಕಡೆ ಮುಖಮಾಡಿ ಏಡಿಯಂತೆ ಅಡ್ಡಡ್ಡ ಸರಿಯುತ್ತಿದ್ದಳು. ಆ ಮುಖವನ್ನು ನೋಡಿದರೆ ಮಾತು ಕೊಡಬೇಕಾಗುತ್ತದೆಂಬುದು ಅವಳ ಭಯ.

ಆ ತಿಂಗಳುಗಳ ಸಂಜೆಗಳು ನನ್ನ ನೆನಪಿನಲ್ಲಿ ಯಾವುದೋ ಕನಸಿನಲ್ಲಿ ಕಂಡವುಗಳಂತೆ ಉಳಿದಿವೆ. ಇಳಿಬಿಸಿಲು ಗ್ಯಾಲರಿ ದಾಟಿ, ಗಣಪತಿಯ ಮೈಯ ನೂರಾರು ತೂತುಗಳಲ್ಲಿ ಸೋಸಿಕೊಂಡು, ಚಾಪೆಯ ಮೇಲೆ ಒರಗಿದ ಗಿರಿಜೆಯ ಸೀರೆಯ ಮೇಲೆ ಬೀಳುತ್ತಿತ್ತು. ದೂರದಲ್ಲಿ ಗಾಡಿಗಳು ಬಂದು ಹೋಗುವ ಸದ್ದು, ಯಾರದೋ ಮನೆಯ ರೇಡಿಯೋ. ಕಿರೀಟವೊಂದು ನಿಧಾನವಾಗಿ ಅವಳ ಮಂಡಿಯಿಂದ ಹೊಟ್ಟೆಗೆ ಏರಿ, ಅಲ್ಲಿ ತುಸು ಹೊತ್ತು ನಿಂತು, ಮಬ್ಬಾಗಿ ಹೋಗುವುದನ್ನು ಇಬ್ಬರೂ ನೋಡುತ್ತಿದ್ದೆವು. ಹೀಗೆ ತಲೆಕೆಳಗಾಗಿ ಬೀಳುವ ನೆರಳಿನ ಸೊಂಡಿಲು ಯಾವ ಕಡೆಗೆಂದು ಒಮ್ಮೆ ಗಿರಿಜೆ ಕೇಳಿದಳು. ನಾವು ಕತ್ತು ಹೊರಳಿಸಿ, ಎದ್ದು ನಿಂತು, ಮಲಗಿ ನೋಡಿದರೂ ಬಗೆಹರಿಯಲಿಲ್ಲ. ಅಷ್ಟರಲ್ಲಿ ಒಳಗಿನ ಕೂಸು ಒದೆಯಿತು. ಅವಳು ಬಹುದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಕುಸುಮತಾಯಿಯ ಜೊತೆ ಟ್ಯಾಕ್ಸಿಯಲ್ಲಿ ಗಿರಿಜೆಯನ್ನು ಹೆರಿಗೆ ಆಸ್ಪತ್ರೆಗೆ ಸೇರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಹೊರಬಂದ ಡಾಕ್ಟರರು, ಮಗು ಅಡ್ಡ ನಿಂತಿದೆ, ಏನನ್ನೂ ಹೇಳಲಾರೆ ಎಂದರು. ಹಳೆಯ ಸೀರೆಗಳನ್ನು ತರಲೆಂದು ನಾನು ಮನೆಗೆ ಓಡಿದೆ. ಅಮ್ಮನಿಗೆ ಹೇಳದಿರೋಣವೆಂದುಕೊಂಡಿದ್ದೆ, ಮುಖ ನೋಡಿದೊಡನೆ ಹೇಳಿಬಿಟ್ಟೆ. ಗಂಟು ಕಟ್ಟಿಕೊಂಡು ಹೊರಗೆ ಬಂದಾಗ ಅಮ್ಮ ಗ್ಯಾಲರಿಯಲ್ಲಿದ್ದಳು. ಅಷ್ಟು ದಿನ ಅಡ್ಡಡ್ಡ ಸರಿದು ತಪ್ಪಿಸಿಕೊಂಡಿದ್ದವಳು ಆ ಬಲಮುರಿಯ ಎದುರಿಗೇ, ಸೆರಗು ಹೊದ್ದು, ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು. ತುಟಿಗಳು ಅಲುಗುತ್ತಿದ್ದವು. ಏನು ಹೇಳುತ್ತಿದ್ದಾಳೆಂದು ಕೇಳುವಷ್ಟು ಹೊತ್ತು ನನಗಿರಲಿಲ್ಲ.

ಸಂಜೆ ಮಗಳು ಹುಟ್ಟಿದಳು. ತಾಯಿಯೂ ಉಳಿದಳು. ಆಸ್ಪತ್ರೆಯ ಜಗಲಿಯಲ್ಲಿ ನಿಂತು, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ನಾನು ಅತ್ತೆ.

ಹೆಸರಿಟ್ಟ ಮರುದಿನ, ಬಹಳ ದಿನಗಳ ಮೇಲೆ ನಾನು ಗರಗಸಕ್ಕೆ ಅಲಗು ಬಿಗಿಯುತ್ತಿದ್ದಾಗ, ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು.

"ಅದನ್ನು ಕೆಳಗಿಡು. ಅದು ನಿನ್ನದಲ್ಲ ಈಗ. ಅವನಿಗೆ ಕೊಟ್ಟಾಗಿದೆ."

"ಯಾರಿಗೆ?"

ಅಮ್ಮ ಕಿಟಕಿಯ ಕಡೆ ಗದ್ದ ತೋರಿದಳು. "ಕೂಸು ಬದುಕಿದರೆ ನನ್ನ ಮಗ ಇನ್ನು ಗರಗಸ ಮುಟ್ಟುವುದಿಲ್ಲ ಅಂತ ಹೇಳಿದ್ದೇನೆ."

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನದು ಏನಾದರೂ ಕೊಡಬಾರದಿತ್ತಾ?"

"ನನ್ನ ಹತ್ರ ಎಂತ ಉಂಟು ಕೊಡ್ಲಿಕ್ಕೆ? ಕೊಟ್ಟರೆ ನೋವಾಗುವಂಥದ್ದು ಈ ಮನೆಯಲ್ಲಿ ಅದೊಂದೇ ಕಂಡದ್ದು."

ಭಾನುವಾರದ ಸಭೆಯಲ್ಲಿ ಇದನ್ನು ಗೆಳೆಯರಿಗೆ ಹೇಳಿದೆ. ರಾಜೀವ ಕೆರಳಿ ಕೆಂಡವಾದ. "ಅಲ್ಲ ಮಾರಾಯಾ, ಆ ಪೆಟ್ಟಿಗೆ ಕೊಟ್ಟದ್ದು ನಾನು, ಕೊರೆದದ್ದು ನೀನು. ನಿನ್ನ ಕೈಯಲ್ಲೇ ಹುಟ್ಟಿದ ದೇವರು ನಿನ್ನ ಕೈ ಕಟ್ಟಿಹಾಕುವುದಾ?" ಅವನ ತರ್ಕದಲ್ಲಿ ದೋಷವಿರಲಿಲ್ಲ. ಬಸಪ್ಪ ಬೆರಳಿನ ಹುಡಿ ಊದಿಕೊಂಡು, "ದೇವ್ರ ಮಾತು ಬಿಡ್ರಿ. ನಿಮ್ಮವ್ವ ಕೊಟ್ಟ ಮಾತೈತಿ, ಅದನ್ನ ನೋಡ್ರಿ" ಎಂದ. ನಾನು ಗರಗಸವನ್ನು ಅಂದೇ ಅವನ ಚೀಲಕ್ಕೆ ಹಾಕಿದೆ.

ನೀವು ಕೇಳಬಹುದು, ನಿನಗೆ ನಂಬಿಕೆಯಿತ್ತೇ ಎಂದು. ಇರಲಿಲ್ಲ. ಅಡ್ಡ ನಿಂತ ಕೂಸನ್ನು ತಿರುಗಿಸಿದ್ದು ಡಾಕ್ಟರರ ಬೆರಳುಗಳೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ರಸ್ತೆಬದಿಯ ಅಂಗಡಿಯಲ್ಲಿ ಅಲಗಿನ ಕಟ್ಟು ಕಂಡು ಕೈ ತುರಿಸಿದಾಗಲೆಲ್ಲ, ಮನೆಯಲ್ಲಿ ಮಗಳು ಕೆಮ್ಮಿದಂತಾಗಿ ಹೆಜ್ಜೆ ಬೇಗ ಬೇಗ ಹಾಕುತ್ತಿದ್ದೆ. ನಂಬಿದವರು ದೇವರೊಡನೆ ಜಗಳವಾಡಬಲ್ಲರು, ಚೌಕಾಸಿ ಮಾಡಬಲ್ಲರು, ತಪ್ಪುಕಾಣಿಕೆ ಹಾಕಿ ಬಿಡಿಸಿಕೊಳ್ಳಬಲ್ಲರು. ನಂಬದವನಿಗೆ ಅಂಥ ಯಾವ ಸಲಿಗೆಯೂ ಇಲ್ಲ. ಭಾನುವಾರದ ಸಭೆಯಲ್ಲಿ ನಾನು ತಪ್ಪದೆ ಕೂರುತ್ತಿದ್ದೆ. ಅಲಗಿನ ಬಿಗಿ, ಮೇಣ, ಕಾಗದ ಅಂಟಿಸುವ ಮೈ, ಎಲ್ಲದರ ಬಗ್ಗೆಯೂ ಸಲಹೆ ಕೊಡುತ್ತಿದ್ದೆ. ಹರಕೆ ನನ್ನ ಕೈಗಿತ್ತೇ ಹೊರತು ಬಾಯಿಗಿರಲಿಲ್ಲ.

ಮುಂದೆ ನಾವು ಕಾಂದಿವಲಿಯ ಬಿಲ್ಡಿಂಗಿಗೆ ಬಂದೆವು. ಗಣಪತಿಯನ್ನು ಬಿಚ್ಚಲು ಹೋದರೆ ಚಾಳಿಗೆ ಚಾಳೇ ಅಡ್ಡ ನಿಂತಿತು. ಅವನು ಅಲ್ಲೇ ಉಳಿದ. ಬಾಣಂತನಕ್ಕೆಂದು ಬಂದ ಅಮ್ಮ ನಮ್ಮಲ್ಲೇ ಉಳಿದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ಬಸಪ್ಪ ಹೊಸ ಗರಗಸವೊಂದನ್ನು ತಂದು, ಶಾಲೆಗೆ ಹೋಗುತ್ತಿದ್ದ ಮಗಳ ಕೈಗಿಟ್ಟ. "ಇಕಿಗೇನು ಹರಕಿ ಇಲ್ಲಲ್ರೀ" ಎಂದು ನನ್ನ ಕಡೆ ನೋಡದೆ ಹೇಳಿದ. ಅವಳು ಚಿಟ್ಟೆಯೊಂದನ್ನು ಬರೆದು ಕೊಯ್ಯಲು ಕೂತಳು. ನಾನು ಬೆನ್ನ ಹಿಂದೆ ಕೈಕಟ್ಟಿ ನಿಂತು, ಒತ್ತಬೇಡ, ಅಲಗಿಗೆ ಆತುರ ಕೊಡಬೇಡ, ಅದು ತಾನಾಗಿ ಹೋಗಲಿ ಎಂದು ಹೇಳುತ್ತಲೇ ಇದ್ದೆ. ರೆಕ್ಕೆಯ ತಿರುವಿನಲ್ಲಿ ಅಲಗು ಟಪ್ಪೆಂದು ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು.

"ಪಪ್ಪಾ, ನೀವು ಬರೀ ಬೋಲ್ತಾ ಇರ್ತೀರಿ. ಏಕ್ ಬಾರ್ ಕರ್ಕೇ ದಿಖಾವೋ ನಾ!" ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. "ಒಂದು ಸಲ ಮಾಡಿ ತೋರಿಸು ಮಾರಾಯಾ. ಹರಕೆ ಹೇಳಿದ್ದು ನಾನು, ಅವನ ಹತ್ರ ನಾನೇ ಮಾತಾಡ್ತೇನೆ. ಅವನು ಅಲ್ಲಿ ದಾದರಿನಲ್ಲಿ ಕೂತಿದ್ದಾನೆ, ಇಷ್ಟು ದೂರ ಎಲ್ಲಿ ಕಾಣ್ತದೆ?"

ಮೇಜಿನ ಮೇಲೆ ಗರಗಸ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಅದರ ಹಿಡಿಯ ನುಣುಪು ಅಂಗೈಗೆ ಆಗಲೇ ತಿಳಿಯುತ್ತಿತ್ತು. ಆಸೆಯೆಂದರೆ ಎಂಥ ಆಸೆ, ಬಾಯಲ್ಲಿ ನೀರೂರುವಂಥದ್ದು. ಮಗಳ ಕಡೆ ನೋಡಿದೆ. ಮೂಗಿನ ತುದಿಗೆ ಹುಡಿ ಮೆತ್ತಿತ್ತು, ಸಿಟ್ಟಿಗೆ ಹೊಳ್ಳೆಗಳು ಅರಳಿ ಅರಳಿ ಉಸಿರು ಬಂದು ಹೋಗುತ್ತಿತ್ತು.

"ಬೇಡಮ್ಮ" ಎಂದು ಅಮ್ಮನಿಗೆ ಹೇಳಿದೆ. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು, ಮಗಳು ಮೂರನೆಯ ಅಲಗು ಬಿಗಿಯುವುದನ್ನೇ ನೋಡುತ್ತ ನಿಂತೆ.